ಬಿಸ್ಮತ್ ಗಾಜಿನಲ್ಲಿ ಉಳಿದ ಕೈ

ಮಂಗಳವಾರ, ಮಧ್ಯಾಹ್ನ

ಅಕ್ಕಾ, ನನ್ನ ಮುದ್ದು ಹಟಮಾರಿ,

ನಿನ್ನ ಪತ್ರ ನಿನ್ನೆ ಬಂತು. ಗುರುವಾರ ಬರುತ್ತೇನೆ, ಭಾವ ಕೊನೆಯದಾಗಿ ಮುಟ್ಟಿದ ಗಾಜಿನ ಹಲಗೆಯ ಮೇಲೆ ಒಂದೇ ಒಂದು ಸಲ ಕೈ ಇಡುತ್ತೇನೆ ಅಂತ ಬರೆದಿದ್ದೀಯ. ಬರಬೇಡ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗೊತ್ತಿದ್ದೂ ಬೇಡಿಕೊಳ್ಳುತ್ತಿದ್ದೇನೆ, ಇದೊಂದು ಸಲ ತಂಗಿಯ ಮಾತು ಕೇಳು. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ.

ನಮ್ಮ ಪ್ರಯೋಗಾಲಯದ ಕೆಲಸ ನಿನಗೆ ಮೊದಲಿನಿಂದಲೂ ತಮಾಷೆ. ಮದುವೆಯಾದ ಹೊಸತರಲ್ಲಿ ಭಾವನನ್ನು ಕೇಳಿದ್ದೆಯಲ್ಲ, ಕಣ್ಣಿಗೆ ಕಾಣದ ಬೆಳಕು ಮಾಡೋಕೂ ಸಂಬಳ ಕೊಡ್ತಾರಾ ಅಂತ. ಕೊಡ್ತಾರೆ, ಆ ಸಂಬಳನೂ ಕಣ್ಣಿಗೆ ಕಾಣಲ್ಲ ಅಂದಿದ್ದರು ಅವರು. ನಾವು ಮಾಡುವುದಿಷ್ಟೇ. ಗಾಜು ಕರಗಿಸುವಾಗ ಬಿಸ್ಮತ್ ಎಂಬ ಲೋಹದ ಪುಡಿಯನ್ನು ಚಿಟಿಕೆಯಷ್ಟು ಬೆರೆಸುತ್ತೇವೆ. ಒಲೆ ಒಂದಿಷ್ಟು ಹೆಚ್ಚು ಕಾದರೆ ಗಾಜು ಪಾತ್ರೆಯ ತಳದಂತೆ ಕಪ್ಪಾಗುತ್ತದೆ. ಹದ ಸರಿಯಾಗಿದ್ದರೆ ಒಳಗಿನ ಬಿಸ್ಮತ್ ಅಯಾನುಗಳು ನೇರಳಾತೀತ ದೀಪದ ಬೆಳಕನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತವೆ. ಎಷ್ಟೋ ದಿನ ಬಿಟ್ಟು ಹಲಗೆಯನ್ನು ಕಾಯಿಸಿದರೂ ಅದನ್ನು ಕೆಂಪಿನಾಚೆಯ ಬೆಳಕಾಗಿ ಹಿಂದಕ್ಕೆ ಕೊಡುತ್ತವೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಅದೂ ಒಂದೇ ಸಲ. ಕಾಯಿಸಿದ ಮೇಲೆ ಹಲಗೆ ಖಾಲಿ.

ಹಲಗೆಯನ್ನು ಇಕ್ಕಳದಲ್ಲೇ ಹಿಡಿಯಬೇಕು ಅಂತ ನಿಯಮ. ಭಾವ ಕೇಳಿದವರಲ್ಲ. ದೀಪ ಹಾಕುವಾಗ ಅಂಗೈಯನ್ನೇ ಅದರ ಮೇಲೆ ಒತ್ತಿ ಹಿಡಿಯುತ್ತಿದ್ದರು. ಇಕ್ಕಳದಲ್ಲಿ ಹಿಡಿದ್ರೆ ಗಾಜಿಗೆ ಬೇಜಾರಾಗುತ್ತೆ ಕಣೇ ಅನ್ನುತ್ತಿದ್ದರು. ಕೈ ಮುಚ್ಚಿದ ಜಾಗಕ್ಕೆ ಬೆಳಕು ತಾಗದೆ, ಕಾಯಿಸಿದಾಗ ಹೊಳಪಿನ ನಡುವೆ ಕಪ್ಪು ಕೈಯೊಂದು ಮೂಡುತ್ತಿತ್ತು, ತುದಿ ತುಂಡಾದ ತೋರುಬೆರಳಿನ ಸಮೇತ. ಮೇಲಧಿಕಾರಿ ಬೈದು ಬೈದು ಸುಸ್ತಾಗಿದ್ದರು.

ಬೀರುವಿನಲ್ಲಿ ಅವರ ಕೈ ತಾಗಿದ, ಇನ್ನೂ ಕಾಯಿಸದ ಹಲಗೆ ಸಿಕ್ಕಿದೆ ಅಂತ ನಾನೇ ನಿನಗೆ ಬರೆದೆ. ಬರೆಯಬಾರದಿತ್ತು. ಆಸ್ಪತ್ರೆಯಲ್ಲಿ ಸೋಂಕಿನ ಭಯಕ್ಕೆ ನಿನ್ನನ್ನು ಒಳಗೆ ಬಿಡಲಿಲ್ಲ. ಅವರು ಕೈ ಚಾಚಿದ್ದನ್ನು ನೀನು ಕಿಟಕಿಯಾಚೆಯಿಂದ ನೋಡಿದೆ, ಹಿಡಿಯಲಾಗಲಿಲ್ಲ. ಆ ಕೊರಗು ನಿನ್ನನ್ನು ತಿನ್ನುತ್ತಿದೆ ಅಂತ ನನಗೆ ಗೊತ್ತು, ಅಕ್ಕಾ. ಅದಕ್ಕೇ ಹೋದ ವಾರ, ನಿನಗೊಂದು ಚಿತ್ರವಾದರೂ ಸಿಗಲಿ ಅಂತ ಹಲಗೆಯನ್ನು ಕ್ಯಾಮೆರಾದ ಕೆಳಗಿಟ್ಟು ಕಾಯಿಸಿದೆ.

ಕೈ ಮೂಡಿತು. ನಾನು ಅತ್ತುಬಿಟ್ಟೆ. ನಿಧಾನಕ್ಕೆ ಸುತ್ತಲಿನ ಹೊಳಪು ಇಳಿದು ಹಲಗೆ ಪೂರ್ತಿ ಕತ್ತಲಾಯಿತು. ಆಮೇಲೆ ಕೈ ಹೊಳೆಯತೊಡಗಿತು. ಬೆಳಕನ್ನೇ ಕುಡಿಯದ ಜಾಗ ಅದು, ಕೊಡುವುದಕ್ಕೆ ಅಲ್ಲಿ ಏನೂ ಇರಬಾರದು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಪಕ್ಕದ ಕೋಣೆಯದನ್ನು ತಂದು ನೋಡಿದೆ. ಅದರಲ್ಲೂ ಹಾಗೆಯೇ ಕಂಡಿತು. ಹಲಗೆ ತಣ್ಣಗಾದ ಮೇಲೂ ಕೈ ಆರಲಿಲ್ಲ.

ಮರುದಿನ ನೋಡಿದರೆ ಅಗಲಿಸಿದ್ದ ಬೆರಳುಗಳು ಒಂದಕ್ಕೊಂದು ಹತ್ತಿರ ಬಂದಿದ್ದವು. ಅದರ ಮರುದಿನ ಅಂಗೈಯ ಗೆರೆಗಳು ಕಂಡವು. ಒತ್ತಿ ಹಿಡಿದ ಕೈ ಮಗುಚಿಕೊಂಡು, ಗಾಜಿನ ಒಳಗಿನಿಂದ ಚಾಚಿದಂತಿತ್ತು. ಕ್ಯಾಮೆರಾ ನೋಡಿಕೊಳ್ಳುವವರು ದೆವ್ವ ಭೂತ ಅಂದರೆ ಬಿದ್ದು ಬಿದ್ದು ನಗುವ ಆಸಾಮಿ. ಅವರನ್ನು ಕರೆದು ತೋರಿಸಿದೆ. ಒಂದು ಸಲ ಪರದೆ ನೋಡಿದರು, ನಂಗೆ ಹಲ್ಲುನೋವು ಕಣಮ್ಮಾ ಅಂದವರು ರಜೆ ಹಾಕಿ ಹೊರಟೇಹೋದರು. ಹೋಗುವಾಗ ಮಾತ್ರ, ಅದನ್ನ ಮುಟ್ಬೇಡಿ ಅಂತ ಬಾಗಿಲಲ್ಲೇ ನಿಂತು ಹೇಳಿದರು. ಅಂದಿನಿಂದ ಈ ಕೋಣೆಗೆ ಯಾರೂ ಬಂದಿಲ್ಲ.

ನನಗೂ ಹೆದರಿಕೆಯಿದೆ. ಆದರೂ ದಿನಾ ಬಂದು ಪರದೆಯ ಮುಂದೆ ಕೂರುತ್ತೇನೆ. ಗಾಜಿನ ಕೆಲಸ ಕಲಿಸಿದ ಕೈ ಅದು, ನನ್ನ ತಪ್ಪುಗಳಿಗೆಲ್ಲ ತಲೆಯ ಮೇಲೊಂದು ಮೊಟಕಿ ಸುಮ್ಮನಾಗುತ್ತಿದ್ದ ಕೈ. ನನಗೇ ಹೀಗಾದರೆ ನಿನ್ನ ಗತಿಯೇನು? ನೀನು ಬಂದರೆ ಅದನ್ನು ಹಿಡಿದೇ ಹಿಡಿಯುತ್ತೀಯ. ಹಿಡಿದರೆ ಬಿಡಿಸಿಕೊಳ್ಳುವ ಮನಸ್ಸು ನಿನಗೆ ಬರುವುದಿಲ್ಲ. ನಿನ್ನ ಮಗಳಿಗೆ ಜಡೆ ಹಾಕಲು, ತುತ್ತು ಕೊಡಲು ಈಗ ನಿನ್ನೆರಡು ಕೈ ಬಿಟ್ಟರೆ ಬೇರೆ ಯಾರಿದ್ದಾರೆ ಹೇಳು.

ಅದಕ್ಕೇ ಇವತ್ತು ಸಂಜೆಯೊಳಗೆ ಹಲಗೆಯನ್ನು ಒಲೆಗೆ ಹಾಕಿ ಕರಗಿಸಿಬಿಡುತ್ತೇನೆ. ನೋಡಲು ಏನೂ ಉಳಿದಿರುವುದಿಲ್ಲ. ಕೋಪ ಬಂದರೆ ಹೊಟ್ಟೆ ತುಂಬ ಬೈದು ಬರೆ. ಮಗಳ ಕೆನ್ನೆಗೆ ಚಿಕ್ಕಮ್ಮನ ಮುತ್ತು ಕೊಡು.

ಕಾಲಿಗೆ ಬಿದ್ದು ಬೇಡಿಕೊಳ್ಳುವ,
ನಿನ್ನ ಪುಟ್ಟಿ

ಮರೆತ ಮಾತು: ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ ಅಂತ ಗೊಣಗಬೇಡ. ಎಡಗೈಯಲ್ಲಿ ಬರೆದಿದ್ದೇನೆ. ಬಲಗೈ ಬೆಳಗ್ಗೆಯಿಂದ ಹಲಗೆಯ ಮೇಲಿದೆ, ಭಾವ ಹಿಡಿದುಕೊಂಡಿದ್ದಾರೆ. ನೋವಿಲ್ಲ, ಬೆಚ್ಚಗಿದೆ. ಆಗಾಗ ಅವರ ಹೆಬ್ಬೆರಳು ನನ್ನ ಉಂಗುರದ ಬೆರಳನ್ನು ತಡವಿ ತಡವಿ ನೋಡುತ್ತದೆ. ನಾನು ಉಂಗುರ ಹಾಕುವವಳಲ್ಲ. ನಿನ್ನ ಕೈ ಅಂದುಕೊಂಡಿದ್ದಾರೆ, ಅಕ್ಕಾ. ಅಲ್ಲ ಅಂದರೆ ಬಿಟ್ಟುಬಿಡುತ್ತಾರೇನೋ. ಹೇಳಲು ನನಗೆ ಬಾಯಿ ಬರುತ್ತಿಲ್ಲ.