ತೂತಿಲ್ಲದ ಸೊಪ್ಪು

ರಂಜಿನಿ ಮೇಡಂ ಅವರಿಗೆ ದ್ರೌಪದಮ್ಮನ ನಮಸ್ಕಾರ.

ನೀವು ಊರಿಂದ ಬಂದ ಕೂಡಲೇ ತಿಳಿಯಲಿ ಎಂದು ಇದನ್ನು ಮಗಳು ಕುಸುಮಾಳ ಕೈಯಲ್ಲಿ ಬರೆಸಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ.

ನಿನ್ನೆ ನಿಮ್ಮ ಅಂಗಡಿಯಲ್ಲಿ ಸೊಪ್ಪು ಒಂದು ಕಟ್ಟೂ ಹೋಗಲಿಲ್ಲ. ತಪ್ಪು ನನ್ನದೇ. ಮಲ್ಲೇಶ್ವರದ ಫುಟ್‌ಪಾತಿನಲ್ಲಿ ಇಷ್ಟು ವರ್ಷ ಮಾರಿದ ಅಭ್ಯಾಸ ನೋಡಿ, ಹುಳ ಕಡಿದ ಎಲೆಗಳನ್ನೆಲ್ಲ ಕಿತ್ತು, ನೀರು ಚಿಮುಕಿಸಿ ಚೆಂದವಾಗಿ ಜೋಡಿಸಿಟ್ಟೆ. ಬಂದವರೆಲ್ಲ ಕಟ್ಟು ತಿರುಗಿಸಿ ನೋಡಿ, "ಒಂದು ತೂತೂ ಇಲ್ವಲ್ಲಮ್ಮ, ಇದು ಆರ್ಗ್ಯಾನಿಕ್ಕೇನಾ?" ಎಂದು ಬಿಟ್ಟು ಹೋದರು.

ಇಲ್ಲಿ ಬೆಲ್ಲ, ಸೋಪು, ಕೊನೆಗೆ ಬನಿಯನ್ನಿನ ಮೇಲೂ ಆರ್ಗ್ಯಾನಿಕ್ ಎಂಬ ಮಾತೇ ಇದೆ. ಕುಸುಮಾಳ ಕಾಲೇಜಿನ ಕೆಮಿಸ್ಟ್ರಿ ಪುಸ್ತಕದಲ್ಲಿ ಪೆಟ್ರೋಲೂ ಆರ್ಗ್ಯಾನಿಕ್ಕಂತೆ. ಅದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ. ಸೊಪ್ಪಿನ ಮಟ್ಟಿಗೆ ಮಾತ್ರ ಈಗ ತಿಳಿಯಿತು: ಹುಳ ತಿಂದ ತೂತಿದ್ದರೆ ಔಷಧಿ ಹೊಡೆದಿಲ್ಲ ಎಂದು ಗಿರಾಕಿಗೆ ನಂಬಿಕೆ. ಇವತ್ತು ಬಂದ ಹೊಸ ಸೊಪ್ಪನ್ನು ತೂತಿನ ಎಲೆ ಮುಂದೆ ಕಾಣುವಂತೆ ಕಟ್ಟಿಟ್ಟೆ. ಮಧ್ಯಾಹ್ನದೊಳಗೆ ಖಾಲಿ. ಈ ಅಂಗಡಿಯ ನೆರಳು, ಫ್ಯಾನು ನನಗೆ ಹಿಡಿಸಿವೆ. ನಿನ್ನೆಯದಕ್ಕೆ ಕೆಲಸ ಬಿಡಿಸಬೇಡಿ.

ಇನ್ನೊಂದು ಮಾತು. ಫುಟ್‌ಪಾತಿನಲ್ಲಿ ಚೆನ್ನಾಗಿರುವ ಸೊಪ್ಪು ಗಿರಾಕಿಗೆ, ತೂತಿನದು ನಮ್ಮ ಮನೆಯ ಬಸ್ಸಾರಿಗೆ. ಕುಸುಮಾ ಅದನ್ನೇ ತಿಂದು ಬೆಳೆದಳು. ನಿನ್ನೆ ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಅದರಲ್ಲಿ ಒಂದು ಕಟ್ಟು ಮನೆಗೆ ಒಯ್ಯಲೇ? ಇದನ್ನು ಬರೆಯುತ್ತಾ ಕುಸುಮಾ ನಗುತ್ತಿದ್ದಾಳೆ. "ಕೇಳಮ್ಮ, ತೂತಿಲ್ಲದ್ದು ಹೆಂಗಿರುತ್ತೆ ಒಂದ್ಸಲ ತಿಂದು ನೋಡೇಬಿಡೋಣ" ಅನ್ನುತ್ತಾಳೆ.

ಇಂತಿ,
ನಿಮ್ಮ ಅಂಗಡಿಯ ದ್ರೌಪದಮ್ಮ