ಆಕೆ ಬಿಡುವ ಒಂದು ಪೆಟ್ಟು

ಮಾರ್ಚ್ ೧೪, ಗುರುವಾರ.

ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರು ಕೊಟ್ಟು ಯಾರಿಗೆ ಮೋಸ ಮಾಡಲಿ?

ಸಂಗೀತ ಕೇಳುವಾಗ ಮೆದುಳು ಏನು ಮಾಡುತ್ತದೆಂದು ಅಳೆಯುವುದು ತಂಗಿಯ ಕೆಲಸ. ಇವತ್ತು ಸಂಘದ ಕಚೇರಿಗೇ ತಂತಿಗಳ ಟೋಪಿ ತಂದು, ಕಾರ್ಮಿಕರ ತಲೆಗೆ ಹಾಕಿ ಎರಡು ಹಾಡು ಕೇಳಿಸಿದಳು. ಒಂದು ನನ್ನದು, ಹದಿನೆಂಟು ವರ್ಷದಿಂದ ಪ್ರತಿ ಮೆರವಣಿಗೆಯನ್ನೂ ಶುರುಮಾಡುತ್ತಿರುವ ಹಾಡು. ಇನ್ನೊಂದು ಹೊಲಿಗೆ ವಿಭಾಗದ ಹೆಂಗಸಿನದು. ಆಕೆ ಸಂಘ ಸೇರಿ ಆರು ತಿಂಗಳೂ ಆಗಿಲ್ಲ.

"ಅಣ್ಣಾ, ತಾಳದ ಮುಂದಿನ ಪೆಟ್ಟು ಎಲ್ಲಿ ಬೀಳುತ್ತೆ ಅಂತ ಮೆದುಳು ಮೊದಲೇ ಊಹಿಸುತ್ತೆ. ನಿನ್ನ ಹಾಡಲ್ಲಿ ಊಹೆ ತಪ್ಪೋದೇ ಇಲ್ಲ, ಆರಾಮಾಗಿ ಕಾಲು ಚಾಚಿಬಿಡುತ್ತೆ. ಇವರು 'ಏಳಿ' ಅನ್ನೋಕೆ ಮುಂಚೆ ಒಂದು ಪೆಟ್ಟು ಹಾಕದೇ ಬಿಟ್ಬಿಡ್ತಾರೆ ನೋಡು, ಅಲ್ಲಿ ಎಲ್ಲರ ಮೆದುಳೂ ಎದ್ದು ಕೂರುತ್ತೆ."

"ಮೆದುಳಿಗೆ ವರ್ಗಪ್ರಜ್ಞೆ ಬೇಡವೇನೇ?" ಎಂದು ರೇಗಿದೆ.

"ಅದಿನ್ನೂ ಸಂಘದ ಸದಸ್ಯತ್ವ ತಗೊಂಡಿಲ್ಲ, ಅಣ್ಣಾ."

ಎಲ್ಲರೂ ನಕ್ಕರು. ಹೊಲಿಗೆಯಾಕೆ ಮಾತ್ರ ನಗಲಿಲ್ಲ. "ನಿಮ್ಮ ಹಾಡು ಕೇಳಿಯೇ ನಾನು ಸಂಘಕ್ಕೆ ಬಂದಿದ್ದು, ಸಾರ್," ಎಂದಳು. ಅದು ಇನ್ನೂ ಉರಿಸಿತು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಮೆರವಣಿಗೆ. ಮೊದಲ ಹಾಡು ಯಾವುದೆಂದು ನಾನೇ ಹೇಳಬೇಕು. ಕುರ್ಚಿ ಬಿಡದವರ ವಿರುದ್ಧ ಬೀದಿಬೀದಿಯಲ್ಲಿ ಗಂಟಲು ಹರಿದುಕೊಂಡವನು ನಾನು!

ತಂಗಿ ಟೋಪಿಯನ್ನು ನನ್ನ ತಲೆಗೂ ಹಾಕಿದ್ದಳು. ಹೊಲಿಗೆಯಾಕೆಯ ಹಾಡಿಗೆ ಪರದೆಯ ಮೇಲೆ ಎಲ್ಲರಿಗಿಂತ ಎತ್ತರಕ್ಕೆ ಹಾರಿದ ಗೆರೆ ನನ್ನದೇ.

ಪಟ್ಟಿಯಲ್ಲಿ ಆಕೆಯ ಹಾಡನ್ನು ಮೊದಲು ಬರೆದಿದ್ದೇನೆ. ನಾಳೆ ಹಿಂದೆ ನಿಂತು ದನಿಗೂಡಿಸುವಾಗ, ಆ ಒಂದು ಪೆಟ್ಟಿನಷ್ಟು ಹೊತ್ತು ನಾನೂ ಬಾಯಿ ಮುಚ್ಚಿಕೊಂಡಿರಬೇಕು. ಅದು ನನ್ನಿಂದ ಆದೀತೇ?