ನೀಲಗಂಗವ್ವನ ಒಲೆಗೆ ಬರೆದ ಹೆಸರುಗಳು

ಬೇಗೆ ತಿಂಗಳ ಇಪ್ಪತ್ತೊಂಬತ್ತು, ೨೧೯೧
ಬೆಟಗೇರಿ

ನೇಕಾರರ ಓಣಿ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ, ಮಿರ್ಚಿಭಜಿ ಬಂಡಿಯ ಮುಂದೆ ಸರತಿಯಲ್ಲಿ ನಿಂತಿರುವ ನಿಮಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನಮಗೆ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೆ ಇಪ್ಪತ್ತೆಂಟು ದಿನ. ಹೀಗೆ ಹಂಚಿದ ಮೇಲೆ ಒಂದು ದಿನ ಮಿಕ್ಕುತ್ತದೆ. ಅದನ್ನು ಕೊನೆಯದಾದ ಬೇಗೆ ತಿಂಗಳ ಬಾಲಕ್ಕೆ ಕಟ್ಟಿದ್ದಾರೆ. ಅಂದು ಕಚೇರಿಗಳು ತೆರೆಯುವುದಿಲ್ಲ, ಅಂದು ಬರೆದ ಯಾವ ಕಾಗದವೂ ದಾಖಲೆಯಾಗುವುದಿಲ್ಲ. ಅದಕ್ಕಾಗಿಯೇ ಈ ದಿನವನ್ನು ಆರಿಸಿಕೊಂಡೆ. ಇದನ್ನು ದಾಖಲೆಯಾಗುವ ದಿನ ಬರೆಯುವ ಧೈರ್ಯ ನನಗೆ ಎರಡು ವರ್ಷಗಳಿಂದ ಬಂದಿಲ್ಲ.

ನನ್ನ ಮಾತು ನಿಮಗೆ ತುಸು ಬಿಗಿಯಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತೆ. ಅವುಗಳಲ್ಲಿ ಹೆಚ್ಚಿನವು ಬೇರೆ ದೇಶದ ಕಥೆಗಳು, ಕನ್ನಡಕ್ಕೆ ತಂದವು. ನಮ್ಮ ಬರಹದ ಕನ್ನಡ ಬಹಳ ಬದಲಾಗಿದೆ. ಬಂಡಿಯ ಮುಂದಿನ ಮಾತು ಮಾತ್ರ ಬದಲಾಗಿರಲಿಲ್ಲ. ಅದನ್ನು ಕೇಳಿದ್ದರೆ ನಿಮಗೆ ಯಾವ ವಿವರಣೆಯೂ ಬೇಕಾಗುತ್ತಿರಲಿಲ್ಲ.

ನಮ್ಮ ಊರಿನ ಮೇಲೆ ಈಗ ನೆರಳುಹಾಸು ಇದೆ. ಅದು ಬಟ್ಟೆ. ಗದಗಿನ ಹಳೆಯ ಸ್ಟೇಷನ್ನಿನಿಂದ ಬೆಟಗೇರಿಯ ತುದಿಯವರೆಗೆ ಎಲ್ಲ ರಸ್ತೆಗಳ ಮೇಲೂ ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿರುವ ಎರಡು ಪದರದ ದಪ್ಪ ಬಟ್ಟೆ. ಅದಿಲ್ಲದೆ ವರ್ಷದ ಐದು ತಿಂಗಳು ಯಾರೂ ಹೊರಗೆ ಕಾಲಿಡಲಾರರು. ಕಪ್ಪತಗುಡ್ಡದ ಕಡೆ ನೀವು ನಿಲ್ಲಿಸಿದ ಗಾಳಿಕಂಬಗಳ ಬುಡಗಳಿಗೂ ಅದನ್ನೇ ಕಟ್ಟಿ ಕುರಿಗಳಿಗೆ ನೆರಳು ಮಾಡಿದ್ದಾರೆ. ನೇಯುವವರು ನಾವೇ. ಬೆಟಗೇರಿಯ ಮಗ್ಗಗಳು ನಿಂತುಹೋಗುತ್ತವೆಂದು ನಿಮ್ಮ ಕಾಲದಲ್ಲಿ ಹೆದರುತ್ತಿದ್ದರಂತೆ. ನಿಲ್ಲಲಿಲ್ಲ. ಸೀರೆಯ ಬದಲು ಆಕಾಶಕ್ಕೆ ಹೊದಿಸುವುದನ್ನು ನೇಯುತ್ತವೆ, ಅಷ್ಟೆ. ನಾನು ಎಳೆಗಾರ. ಎಂದರೆ, ತಯಾರಾದ ಹಾಸನ್ನು ದೀಪದ ಮೇಲೆ ಹರಡಿ ಅಂಗುಲಕ್ಕೆ ಎಷ್ಟು ಎಳೆಯಿದೆ ಎಂದು ಎಣಿಸುವವನು. ಒಂದು ಎಳೆ ಕಡಿಮೆಯಾದರೂ ಆ ಹಾಸನ್ನು ಹಿಂದಕ್ಕೆ ಕಳಿಸುತ್ತೇನೆ. ಮೂವತ್ತನಾಲ್ಕು ವರ್ಷಗಳಲ್ಲಿ ನನ್ನ ಎಣಿಕೆ ತಪ್ಪಿಲ್ಲ.

ನೀವು ನಿಂತಿರುವ ಆ ಬಂಡಿ ನಮ್ಮ ಕಾಲಕ್ಕೂ ಬಂದಿತ್ತು. ಗಾಲಿ ಹೋಗಿ ಕಲ್ಲಿನ ಕಟ್ಟೆಯಾಗಿತ್ತು. ಬೇವಿನ ಮರ ಹೋಗಿ ನೆರಳಿನ ಕಂಬ ಬಂದಿತ್ತು. ಒಲೆ ಅದೇ ಜಾಗದಲ್ಲಿತ್ತು, ಕಟ್ಟಿಗೆಯ ಒಲೆ. ಮೇಲೆ ಅಗಲವಾದ ಬಾಣಲೆ, ಪಕ್ಕದಲ್ಲಿ ಕಡಲೆಹಿಟ್ಟಿನ ಬೋಗುಣಿ, ಚುರುಮರಿಯ ಚೀಲ, ಬಿದಿರಿನ ಬುಟ್ಟಿಯಲ್ಲಿ ಹಸಿ ಮೆಣಸಿನಕಾಯಿ. ನಡೆಸುತ್ತಿದ್ದವಳು ನೀಲಗಂಗವ್ವ, ಆ ಬಂಡಿಯ ಮನೆತನದ ಆರನೆಯ ತಲೆ. ಅರವತ್ತರ ಹೆಂಗಸು, ಎಡಗೈಯ ಎರಡು ಬೆರಳು ಎಣ್ಣೆಯಲ್ಲಿ ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಅದೇ ಕೈಯಿಂದ ಅವಳು ಹಿಟ್ಟು ಕಲಸುತ್ತಿದ್ದಳು.

ಅಲ್ಲಿನ ರೂಢಿ ನಿಮಗೆ ಗೊತ್ತು, ಏಕೆಂದರೆ ಅದನ್ನು ಶುರು ಮಾಡಿದವರು ನೀವು. ತಿಳಿಯದವರಿಗಾಗಿ ಬರೆಯುತ್ತೇನೆ. ಆ ಸರತಿಯಲ್ಲಿ ಯಾರೂ ತಮ್ಮ ಮೆಣಸಿನಕಾಯಿಯನ್ನು ತಾವು ಆರಿಸುವಂತಿಲ್ಲ. ಮುಂದೆ ನಿಂತವರು ಬುಟ್ಟಿಗೆ ಕೈ ಹಾಕಿ ಹಿಂದೆ ನಿಂತವರಿಗಾಗಿ ಆರಿಸಬೇಕು. ಅದನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಹಿಂದಿನವರಿಗೆ ಕೊಡುತ್ತಾರೆ. ದಿನದ ಮೊದಲ ಗಿರಾಕಿಗೆ ನೀಲಗಂಗವ್ವ ಆರಿಸುತ್ತಿದ್ದಳು. ಕೊನೆಯ ಗಿರಾಕಿ ನೀಲಗಂಗವ್ವನಿಗೆ ಆರಿಸುತ್ತಿದ್ದ. ನೆಟ್ಟಗಿನ ತೊಟ್ಟಿನದು ಸಪ್ಪೆ, ಬಾಗಿದ ತೊಟ್ಟಿನದು ಖಾರ ಎಂಬುದು ಊರಿಗೆಲ್ಲ ಗೊತ್ತಿದ್ದ ಗುರುತು. ಆದ್ದರಿಂದ ಊರಿನ ಸಿಟ್ಟು, ಸಲಿಗೆ, ರಾಜಿ ಎಲ್ಲ ಆ ಬುಟ್ಟಿಯ ಮೂಲಕವೇ ನಡೆಯುತ್ತಿದ್ದವು. ಕಾಲುವೆಯ ಗೇಟು ಕಾಯುತ್ತಿದ್ದ ಹುಸೇನಸಾಬ ಎಂಬ ಮುದುಕ ದಿನವೂ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದ. ಬುಟ್ಟಿಯನ್ನು ತಳದವರೆಗೆ ಕೆದಕಿ, ಕೊಕ್ಕೆಯಂತೆ ಬಾಗಿದ್ದೊಂದನ್ನು ಎತ್ತಿ ಹಿಂದಿನವನಿಗೆ ತೋರಿಸುತ್ತಿದ್ದ.

“ನೋಡಪಾ, ನಿನ್ನ ಸಲುವಾಗಿ ಹುಡುಕಿ ಹುಡುಕಿ ತಗದೀನಿ. ನಿನ್ನಿ ನನ್ನ ಕಣ್ಣಾಗ ನೀರು ತರಿಸಿದ್ದಿಲ್ಲೊ? ಇವತ್ತ ನಿನ್ನ ಪಾಳಿ.”

“ಏ ಮುದಕಾ, ನಿನ್ನಿ ನಿನ್ನ ಹಿಂದ ನಿಂತಾಂವ ನಾ. ನಿನಗ ಆರಿಸಿದಾಕಿ ನೀಲಗಂಗವ್ವ. ಆಕಿಗೆ ಕೇಳ ಹೋಗು.”

“ಆಕಿಗೆ ಕೇಳಿದರ ನಾಳೆ ಇದಕ್ಕಿಂತ ದೊಡ್ಡದು ತಗೀತಾಳ. ನೀ ತಿನ್ನಪಾ, ಸುಮ್ಮನ ತಿನ್ನು.”

ನೀಲಗಂಗವ್ವ ಬಾಣಲೆಯಲ್ಲಿ ಜಾರಿಸೌಟು ಆಡಿಸುತ್ತ, ತಲೆಯೆತ್ತದೆ, “ಹಲ್ಲ ಇಲ್ಲದವರಿಗೆ ಖಾರ ಹೆಂಗ ಹತ್ತತೈತಿ ಅಂತೀನಿ” ಎನ್ನುತ್ತಿದ್ದಳು.

ನನಗೆ ಮಾತ್ರ ಯಾರೂ ಖಾರದ್ದು ಆರಿಸುತ್ತಿರಲಿಲ್ಲ. ಗುರುತಿಲ್ಲದವರಿಗೆ ಸಪ್ಪೆಯದು ಕೊಡುವುದು ಅಲ್ಲಿನ ಮರ್ಯಾದೆ. ನಾನು ಕೆಲಸ ಮುಗಿಸಿ ಬರುವಾಗ ಸರತಿ ಕರಗಿರುತ್ತಿತ್ತು, ಹೆಚ್ಚಾಗಿ ಕೊನೆಯವನು ನಾನೇ. ಕೈಯಲ್ಲೊಂದು ಪುಸ್ತಕವಿರುತ್ತಿತ್ತು. ಮೂವತ್ತೊಂದು ವರ್ಷ ಅಲ್ಲಿ ನಿಂತು ಮರ್ಯಾದೆ ತಿಂದೆ.

ಒಲೆಗೆ ಕುತ್ತು ಬಂದದ್ದು ನಾವು ನೇಯ್ದ ಬಟ್ಟೆಯಿಂದಲೇ. ಬೇರೆ ಊರೊಂದರಲ್ಲಿ ನೆರಳುಹಾಸಿಗೆ ಕಿಡಿ ತಾಗಿ ಇಡೀ ಬೀದಿ ಉರಿದ ಮೇಲೆ, ಹಾಸಿನ ಕೆಳಗೆ ತೆರೆದ ಬೆಂಕಿ ಇರಕೂಡದೆಂದು ನೆರಳು ಮಂಡಳಿ ಆಜ್ಞೆ ಹೊರಡಿಸಿತು. ಮಂಡಳಿ ಕೆಟ್ಟದ್ದೇನೂ ಅಲ್ಲ. ಅದಿಲ್ಲದೆ ನಾವು ಬದುಕಿರುವುದಿಲ್ಲ. ಒಂದು ದಾರಿಯನ್ನೂ ಅದು ತೆರೆದಿಟ್ಟಿತ್ತು. ಅದಕ್ಕೆ ಬೆಂಕಿಜಾಮೀನು ಎಂದು ಹೆಸರು. ಮುನ್ನೂರು ಜನ ಒಂದು ಕಾಗದದಲ್ಲಿ ಹೆಸರು ಬರೆದು ಅಂಗೈ ಗುರುತು ಒತ್ತಿ, ಈ ಒಲೆಯಿಂದ ಅನಾಹುತವಾದರೆ ನಾವೂ ಹೊಣೆ ಎಂದು ಒಪ್ಪಿಕೊಂಡರೆ ಒಲೆ ಉಳಿಯುತ್ತದೆ. ನಮ್ಮ ಮೂಲೆಗೆ ಕೊಟ್ಟ ಗಡುವು ಒಂದು ಮಧ್ಯಾಹ್ನದವರೆಗೆ. ಅದರ ಹಿಂದಿನ ದಿನ, ಓಣಿಯ ಶಾಲೆಯ ಟೀಚರು ದಾಕ್ಷಾಯಣಿ ಆ ಕಾಗದವನ್ನು ತಂದು, ಜನ ಸೇರುವ ಜಾಗ ಅದೇ ಎಂದು, ಬಂಡಿಯ ಕಟ್ಟೆಯ ಮೇಲೆ ಇಟ್ಟಳು. ಮೆಣಸಿನಕಾಯಿ ಬುಟ್ಟಿಯ ಪಕ್ಕದಲ್ಲಿ.

ಅದನ್ನು ಬೇರೆ ಎಲ್ಲಿಯಾದರೂ ಇಟ್ಟಿದ್ದರೆ, ಗುಡಿಯ ಕಟ್ಟೆಯ ಮೇಲೆ, ಶಾಲೆಯ ಜಗುಲಿಯ ಮೇಲೆ, ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆ ಕಟ್ಟೆಯ ಮುಂದೆ ನಿಂತವರ ಕೈ ನೂರಾ ಅರವತ್ತು ವರ್ಷಗಳಿಂದ ತನಗಾಗಿ ಚಾಚಿದ್ದೇ ಇಲ್ಲ. ಅಂದು ನೀಲಗಂಗವ್ವ ಮೊದಲು ಅಂಗೈ ಒತ್ತಿ, ಹುಸೇನಸಾಬನ ಹೆಸರು ಬರೆದಳು. ಹುಸೇನಸಾಬ ತನ್ನ ಅಂಗೈ ಒತ್ತಿ, ಹಿಂದೆ ತಿರುಗಿ ನೋಡಿ, ಹಿಂದಿನವನ ಹೆಸರು ಬರೆದ.

“ನಿಂದ ಬರದೀನಿ ನೋಡು. ಒಲಿ ಹತ್ತಿ ಊರು ಉರೀತಂದರ ನಿನ್ನ ಹಿಡಕೊಂಡು ಹೋಗ್ತಾರ.”

“ಹೋಗಲಿ ಬಿಡು. ಅಲ್ಲಿ ದಿನಾ ನಿನ್ನ ಮಾರಿ ನೋಡೂದು ತಪ್ಪತೈತಿ.”

ಹೀಗೆ ಶುರುವಾದದ್ದು ಹಾಗೆಯೇ ಸಾಗಿತು. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ಅಂಗೈ ತಮ್ಮದು, ಹೆಸರು ಹಿಂದಿನವರದು. ಹೆಸರು ಗೊತ್ತಿಲ್ಲದವರು ಕೇಳಿ ತಿಳಿದು ಬರೆದರು. ಎಷ್ಟೋ ವರ್ಷ ಜೊತೆಗೆ ನಿಂತವರು ಅಂದು ಒಬ್ಬರ ಹೆಸರನ್ನೊಬ್ಬರು ಮೊದಲ ಸಲ ಕೇಳಿದರು. ದಾಕ್ಷಾಯಣಿ ಮಸಿಯ ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳೂ ಅದೇ ಸರತಿಯಲ್ಲಿ ಬೆಳೆದವಳು. ಅವಳ ಕಣ್ಣಿಗೂ ತಪ್ಪು ಕಾಣಲಿಲ್ಲ.

ನಾನು ಕೊನೆಯವನು, ಮುನ್ನೂರಾ ಹನ್ನೆರಡನೆಯವನು. ನನ್ನ ಮುಂದೆ ಮಲಪ್ರಭಾ ಇದ್ದಳು, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳು ನನ್ನ ಹೆಸರು ಕೇಳಲಿಲ್ಲ. ಬಾಗಿ ನೇರವಾಗಿ ಬರೆದಳು. ಅವಳು ಸರಿದಾಗ ನೋಡಿದೆ: ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು. ಆ ಸರತಿಯಲ್ಲಿ ಒಬ್ಬರಿಗಾದರೂ ಅದು ಗೊತ್ತಿದೆಯೆಂದು ನಾನು ಭಾವಿಸಿರಲಿಲ್ಲ.

ಆಮೇಲೆ, ನನ್ನ ಅಭ್ಯಾಸದಂತೆ, ಕಾಗದವನ್ನು ಪೂರ್ತಿ ಓದಿದೆ. ಕೊನೆಯ ಹಾಳೆಯ ಕೆಳಗೆ, ಎಳೆಗಾರನ ಕಣ್ಣಿಗೆ ಮಾತ್ರ ಸಲೀಸಾದ ಸಣ್ಣ ಅಕ್ಷರದಲ್ಲಿ, ಅವರವರ ಹೆಸರನ್ನು ಅವರವರೇ ಬರೆಯತಕ್ಕದ್ದು, ತಪ್ಪಿದಲ್ಲಿ ಜಾಮೀನು ಅನೂರ್ಜಿತ ಎಂದಿತ್ತು. ಎರಡು ಸಲ ಓದಿದೆ. ಇನ್ನೂ ಹೊತ್ತು ಮುಳುಗಿರಲಿಲ್ಲ. ಎಲ್ಲರೂ ಅಲ್ಲೇ ಗುಂಪುಗಟ್ಟಿ ತಿನ್ನುತ್ತಿದ್ದರು. ಮರುದಿನ ಮಧ್ಯಾಹ್ನದವರೆಗೆ ಸಮಯವಿತ್ತು. ಒಂದು ಮಾತು ಹೇಳಿದ್ದರೆ ಬೇರೆ ಹಾಳೆಯಲ್ಲಿ ಮತ್ತೆ ಬರೆಯಬಹುದಿತ್ತು.

ಹೇಳಲಿಲ್ಲ. ನಾಚಿಕೆಯಿಂದ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಇಷ್ಟು: ಆ ಹಾಳೆ ಹೋದರೆ ಮಲಪ್ರಭಾ ಬರೆದ ನನ್ನ ಹೆಸರೂ ಹೋಗುತ್ತಿತ್ತು. ಹೊಸ ಹಾಳೆಯಲ್ಲಿ ಅದನ್ನು ನಾನೇ ಬರೆದುಕೊಳ್ಳಬೇಕಾಗುತ್ತಿತ್ತು. ಮಂಡಳಿಯವರು ಇಷ್ಟು ಸಣ್ಣದನ್ನು ನೋಡಲಾರರು ಎಂದುಕೊಂಡೆ. ಒಂದು ಎಳೆ ಕಡಿಮೆಯಾದರೆ ಹಾಸನ್ನೇ ಹಿಂದಕ್ಕೆ ಕಳಿಸುವ ನಾನು ಹಾಗೆ ಅಂದುಕೊಂಡೆ. ರೂಢಿಯಂತೆ ನೀಲಗಂಗವ್ವನ ಹೆಸರು ಬರೆದು, ಅಂಗೈ ಒತ್ತಿ, ಭಜಿ ತಿಂದು ಮನೆಗೆ ಹೋದೆ.

ಮಂಡಳಿಯ ಯಂತ್ರ ಅಂಗೈಗೆ ಹೆಸರನ್ನು ತಾಳೆ ನೋಡಿತು. ಒಂದೂ ಕೂಡಲಿಲ್ಲ. ಪ್ರತಿ ಅಂಗೈಯೂ ತನ್ನ ಹೆಸರಿಗಿಂತ ಒಂದೊಂದೇ ಸಾಲು ಕೆಳಗೆ ಜಾರಿತ್ತು. ಅಲ್ಲಿನ ಅಧಿಕಾರಿಗೆ ಅದು ಅರ್ಥವಾಯಿತು, ಅವನು ನಕ್ಕನೆಂದೂ ದಾಕ್ಷಾಯಣಿ ಹೇಳಿದಳು. “ಎಲ್ಲಾರೂ ಅದಾರ್ರಿ, ಒಬ್ಬರೂ ತಪ್ಪಿಲ್ಲ, ಅಂಗೈ ಒಂದ ಸಾಲು ಮ್ಯಾಲ ಸರಿಸಿ ನೋಡ್ರಿ” ಎಂದು ಅವಳು ಗೋಗರೆದಳಂತೆ. ಸರಿಸುವ ಅಧಿಕಾರ ತನಗಿಲ್ಲ ಎಂದು ಅವನು ಹೇಳಿದನಂತೆ. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಒಲೆ ನಂದಿಸಲು ಮಂಡಳಿಯವರು ಬಂದದ್ದು ನಾಲ್ಕು ದಿನಗಳ ನಂತರ, ಸಂಜೆ ನಾಲ್ಕಕ್ಕೆ. ಒದ್ದೆ ಚೀಲಗಳನ್ನು ತಂದಿದ್ದರು. ಬುಟ್ಟಿ ಖಾಲಿಯಾಗುವವರೆಗೆ ಕಾಯಲು ಒಪ್ಪಿದರು. ಕೊನೆಯ ಸರತಿ ನಿಂತಿತು. ಅಂದು ಯಾರೂ ಚೇಷ್ಟೆ ಮಾಡಲಿಲ್ಲ, ಎಲ್ಲರೂ ನೆಟ್ಟಗಿನ ತೊಟ್ಟಿನವನ್ನೇ ಆರಿಸಿದರು. ಹುಸೇನಸಾಬ ಕೂಡ. ಮಲಪ್ರಭಾ ಮಾತ್ರ ಬುಟ್ಟಿಯಲ್ಲಿ ಬಹಳ ಹೊತ್ತು ಕೈಯಾಡಿಸಿ, ಬಾಗಿದ ತೊಟ್ಟಿನದೊಂದನ್ನು ನನಗಾಗಿ ತೆಗೆದಳು. ನಾಲಿಗೆ ಸುಟ್ಟಿತು. ಆ ಸಣ್ಣ ಅಕ್ಷರವನ್ನು ನಾನು ಓದಿದ್ದನ್ನು ಅವಳು ನೋಡಿದ್ದಳೋ ಅಥವಾ ಅದು ಸಲಿಗೆಯೋ, ಇಂದಿಗೂ ಕೇಳಿಲ್ಲ.

ಬುಟ್ಟಿಯಲ್ಲಿ ಉಳಿದ ಒಂದನ್ನು ನೀಲಗಂಗವ್ವನಿಗೆ ಕೊಟ್ಟೆ. ಅವಳು ಕರಿದು ನಿಂತೇ ತಿಂದಳು. ಮಂಡಳಿ ತಿರಸ್ಕರಿಸಿ ಕಳಿಸಿದ ಹಾಳೆಗಳು ಕಟ್ಟೆಯ ಮೇಲಿದ್ದವು. ಕೊನೆಯ ಹಾಳೆ ತೆಗೆದು, ಕೊನೆಯ ಸಾಲಿನ ಮೇಲೆ ಅಂಟಿದ ಬೆರಳುಗಳನ್ನಿಟ್ಟಳು. ಅದು ನಾನು ಬರೆದ ಅವಳ ಹೆಸರು. ಅದರ ಕೆಳಗೇ ಆ ಸಣ್ಣ ಅಕ್ಷರದ ಸಾಲು.

“ಅಕ್ಷರ ಚಂದ ಅದಾವ” ಎಂದಳು. “ದಿನಾ ಪುಸ್ತಕ ಹಿಡಕೊಂಡ ನಿಂದರತಿದ್ದಿ. ಓದಾಕ ಬರತೈತೇನೊ ಅಂತ ಅನಕೊಂಡಿದ್ದೆ.”

ಒದ್ದೆ ಚೀಲ ಬಿದ್ದಾಗ ಹೊಗೆ ನೆರಳುಹಾಸಿನವರೆಗೆ ಎದ್ದು ಅಲ್ಲೇ ಹರಡಿತು. ಆ ಕಲೆ ಇನ್ನೂ ಇದೆ. ಆ ಹಾಸನ್ನು ಎಣಿಸಿ ಒಪ್ಪಿದವನು ನಾನು. ನೀಲಗಂಗವ್ವ ಲಕ್ಕುಂಡಿಯಲ್ಲಿರುವ ತಂಗಿಯ ಮನೆಗೆ ಹೋದಳು, ಮರುವರ್ಷ ಅಲ್ಲೇ ತೀರಿಕೊಂಡಳು.

ಊರಿನ ಪ್ರೀತಿ ಆಮೇಲೆ ಹೆಚ್ಚಾಯಿತು. ಇದನ್ನು ಕಹಿಯಿಲ್ಲದೆ ಬರೆಯಲು ನನಗೆ ಬರುವುದಿಲ್ಲ. ಕಟ್ಟೆಗೆ ಹೊಳಪು ಕಲ್ಲು ಹೊದಿಸಿದ್ದಾರೆ. ಬಾಣಲೆಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ವರ್ಷಕ್ಕೊಮ್ಮೆ ಭಾಷಣಗಳಾಗುತ್ತವೆ, ಒಲೆ ಉರಿಯುವಾಗ ಎಂದೂ ಅತ್ತ ಬಾರದವರು ಅಲ್ಲಿ ಗದ್ಗದಿತರಾಗುತ್ತಾರೆ. ಕಂಬಕ್ಕೆ ಒಂದು ವಾಸನೆಡಬ್ಬಿ ಹಾಕಿದ್ದಾರೆ. ಹೆಸರೇ ಹೇಳುವಂತೆ, ಅದು ಸಂಜೆ ನಾಲ್ಕಕ್ಕೆ ಕರಿದ ಮಿರ್ಚಿಯ ವಾಸನೆ ಬಿಡುತ್ತದೆ. ಜನ ಆ ಹೊತ್ತಿಗೆ ಬಂದು ಸರತಿಯಲ್ಲಿ ನಿಲ್ಲುತ್ತಾರೆ. ಹತ್ತು ನಿಮಿಷ ನಿಂತು ಹೋಗುತ್ತಾರೆ. ಬುಟ್ಟಿಯಿಲ್ಲದ ಕಾರಣ ಯಾರೂ ಹಿಂದೆ ತಿರುಗಿ ನೋಡುವುದಿಲ್ಲ. ಹುಸೇನಸಾಬ ಒಮ್ಮೆ ಬಂದು ಮೂಸಿ, “ಇದರಾಗ ಉಪ್ಪಿಲ್ಲ” ಎಂದು ಹೋದವನು ಮತ್ತೆ ಬರಲಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆಯಿದೆ. ನಿಮ್ಮ ಒಲೆ ಈಗ ಉರಿಯುತ್ತಿದೆ. ಸರತಿಯಲ್ಲಿ ನೀವು ಮುಂದೆ, ನಾವು ನಿಮ್ಮ ಹಿಂದೆ ನಿಂತವರು. ನೀವು ಆರಿಸಿದ್ದನ್ನೇ ನಾವು ತಿಂದಿದ್ದೇವೆ, ಬಿಸಿಲೂ ಅದರಲ್ಲಿ ಸೇರಿದೆ. ಅದಕ್ಕಾಗಿ ಜಗಳವಾಡಲು ಇದನ್ನು ಬರೆಯುತ್ತಿಲ್ಲ. ರೂಢಿ ಬಿಡಿ ಎಂದೂ ಹೇಳುತ್ತಿಲ್ಲ. ಅದಕ್ಕಿಂತ ಒಳ್ಳೆಯದನ್ನು ಈ ಊರು ಮಾಡಿದ್ದು ನನಗೆ ಗೊತ್ತಿಲ್ಲ. ಬುಟ್ಟಿಗೆ ಕೈ ಹಾಕುವಾಗ ಹಿಂದಿನವರ ಮುಖ ನೋಡಿ, ಅವರಿಗೆ ತಕ್ಕದ್ದನ್ನು ಆರಿಸಿ. ಆದರೆ ಎಂದಾದರೂ ಒಂದು ಕಾಗದ ಆ ಕಟ್ಟೆಯ ಮೇಲೆ ಬಂದು ಕೂತರೆ, ಅದನ್ನು ಕೊನೆಯ ಸಾಲಿನವರೆಗೆ ಓದಿ. ಸರತಿಯ ತುದಿಯಲ್ಲಿ ಪುಸ್ತಕ ಹಿಡಿದು ನಿಂತ ಒಬ್ಬನಿರುತ್ತಾನೆ. ಅವನ ಹೆಸರು ಕೇಳಿ. ಒಂದು ದಿನ ಮುಂಚೆಯೇ ಕೇಳಿ. ಅವನಿಗೊಂದು ಬಾಗಿದ ತೊಟ್ಟಿನದು ಕೊಡಿ. ಆಮೇಲೆ, ಆ ಕಾಗದದಲ್ಲಿ ಏನಿದೆ, ಎಲ್ಲರಿಗೂ ಕೇಳುವಂತೆ ಓದು ಎಂದು ಅವನಿಗೆ ಹೇಳಿ.

ಈ ಪತ್ರಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಆದರೂ ನಿಯಮದ ಪ್ರಕಾರವೇ ಮುಗಿಸುತ್ತೇನೆ. ಕೆಳಗಿನ ಅಂಗೈ ನನ್ನದು. ಅದರ ಪಕ್ಕದ ಹೆಸರೂ ನನ್ನದು, ನಾನೇ ಬರೆದದ್ದು.

ಅಡಿವೆಪ್ಪ